ಎಣ್ಣೂರಿನ ನಿರಾಕಾರ

“ಈ ಊರಾಗ ‘ಇದೇನು’ ಅಂತ ಕೇಳದ ಒಬ್ಬ ಮನಷ್ಯಾನರ ಅದಾನೇನು?”

ಏಕಾಂತಪ್ಪ ಇದನ್ನು ಯಾರನ್ನೂ ಉದ್ದೇಶಿಸಿ ಕೇಳಲಿಲ್ಲ. ಎದೆಯಗಲದ ಫ್ರೇಮೊಂದನ್ನು ತಬ್ಬಿಕೊಂಡು ಚೆನ್ನೈಯ ತಿರುವೊಟ್ಟಿಯೂರಿನ ತನ್ನ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತುತ್ತಿದ್ದವನು, ಎರಡನೆಯ ಮಹಡಿಯ ತಿರುವಿನಲ್ಲಿ ಏದುಸಿರು ಬಿಡುತ್ತ ನಿಂತು, ಸುಣ್ಣ ಕಿತ್ತ ಗೋಡೆಯ ಮುಂದೆ ಕೇಳಿದ. ಗೋಡೆ ಸುಮ್ಮನಿತ್ತು. ಬೆಳಗಿನಿಂದ ಅವನಿಗೆ ಎದುರಾದವರಲ್ಲಿ ಸುಮ್ಮನಿದ್ದದ್ದು ಅದೊಂದೇ.

ಫ್ರೇಮು ಹಾಕಿಕೊಟ್ಟವನು, ಇದರಲ್ಲಿ ಮೇಲು ಯಾವುದು, ಕೆಳಗು ಯಾವುದು ಎಂದು ಕೇಳಿದ್ದ. ಆಟೋದವನು ಕನ್ನಡಿಯಲ್ಲಿ ಇಣುಕಿ, “ಸ್ಕ್ಯಾನಾ ಸಾರ್?” ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿ, ಮನೆಯಲ್ಲಿ ಯಾರಿಗೆ ಹುಷಾರಿಲ್ಲವೆಂದು ತಿಳಿಯುವ ತನಕ ಗಾಡಿಯನ್ನು ನಿಧಾನವಾಗಿ ಓಡಿಸಿದ್ದ. ಗೇಟಿನ ವಾಚ್‌ಮನ್ನು ಬೆರಳಿನಿಂದ ಗಾಜು ತಟ್ಟಿ, ಬಾತ್‌ರೂಮಿನ ಬಾಗಿಲಿಗೆ ಇದು ನೀರು ತಡೆಯುವುದಿಲ್ಲ ಎಂದು ಬುದ್ಧಿ ಹೇಳಿದ್ದ.

ಏಕಾಂತಪ್ಪನದು ಮಣಲಿಯ ಕಾರ್ಖಾನೆಗಳಿಗೆ ವಾಲ್ವು, ಗ್ಯಾಸ್ಕೆಟ್ಟು ಒದಗಿಸುವ ವ್ಯಾಪಾರ. ಹಾವೇರಿ ಕಡೆಯಿಂದ ಬಂದ ಅವನ ತಂದೆ ಹಾಕಿದ ಅಂಗಡಿ. ಹೊಟ್ಟೆಗೆ ಅದಾಯಿತು, ಜೀವಕ್ಕೆ ಬೇರೊಂದಿತ್ತು. ಆರ್ಡರಿಗಾಗಿ ಸ್ಕೂಟರಿನಲ್ಲಿ ಎಣ್ಣೂರಿನ ಕಡೆ ಹೋದಾಗ ದಾರಿಯ ಬಯಲು, ಅಳಿವೆ, ಉಪ್ಪಿನ ಮಡಿ ಏನು ಕಂಡರೂ ಇಳಿದು ಫೋಟೋ ಹೊಡೆಯುವುದು. ಎಲ್ಲರಂತೆ ಅಲ್ಲ. ಗುಂಡಿ ಒತ್ತುವ ಗಳಿಗೆಯಲ್ಲೇ ಕ್ಯಾಮೆರಾವನ್ನು ಎಡದಿಂದ ಬಲಕ್ಕೆ, ಅಂಗಳಕ್ಕೆ ಪೊರಕೆ ಆಡಿಸಿದ ಹಾಗೆ, ಬೀಸುವುದು. ಮನೆಗೆ ಬಂದು ಕಂಪ್ಯೂಟರಿನಲ್ಲಿ ಅದನ್ನು ರೊಟ್ಟಿ ಬಡಿದ ಹಾಗೆ ಇನ್ನಷ್ಟು ಅಗಲಿಸುವುದು. ಮರ ಮರವಾಗಿ ಉಳಿಯಬಾರದು, ನೀರು ನೀರಾಗಿ ಉಳಿಯಬಾರದು. ಊರು, ದಿಕ್ಕು, ಹೊತ್ತು ಎಲ್ಲ ಕರಗಿ ಕೊನೆಗೆ ಬರಿಯ ಬಣ್ಣ, ಬರಿಯ ಗೆರೆ ಉಳಿಯಬೇಕು. ಅದಕ್ಕೆ ಅಮೂರ್ತ ಕಲೆ ಎನ್ನುತ್ತಾರೆ. ಹಾಗೆನ್ನುತ್ತಾರೆಂದು ಗೊತ್ತಿದ್ದವನು ಆ ಕಟ್ಟಡದಲ್ಲಿ ಅವನೊಬ್ಬನೇ.

ವರ್ಷಗಟ್ಟಲೆ ಕಳಿಸಿ ಕಳಿಸಿ, ವಾಪಸು ಬಂದು ಬಂದು, ಈ ಸಲ ಊರಿನ ದಕ್ಷಿಣದ ತುದಿಯ ಒಂದು ಗ್ಯಾಲರಿ ಅವನದೊಂದು ಚಿತ್ರವನ್ನು ಪ್ರದರ್ಶನಕ್ಕೆ ಆರಿಸಿತ್ತು. ‘ಶೀರ್ಷಿಕೆಯಿಲ್ಲದ್ದು, ಏಳು’. ಕ್ಯಾಟಲಾಗಿನಲ್ಲಿ ಹೆಸರು ಅಚ್ಚಾಗಿತ್ತು. ಅಂಗಡಿಯ ಬಿಲ್ಲು ಬಿಟ್ಟರೆ, ಮದುವೆಯ ಆಮಂತ್ರಣಪತ್ರದ ನಂತರ ಅವನ ಹೆಸರು ಅಚ್ಚಾದದ್ದು ಅದೇ ಮೊದಲು. ಚಿತ್ರ ಒಪ್ಪಿಸಲು ಇವತ್ತು ಕೊನೆಯ ದಿನ. ಮಧ್ಯಾಹ್ನ ಮೂರಕ್ಕೆ ಗ್ಯಾಲರಿಯ ವ್ಯಾನು ಮನೆ ಬಾಗಿಲಿಗೇ ಬರುವುದಿತ್ತು. ಅಲ್ಲಿಯವರೆಗೆ ಇದನ್ನು ಮನುಷ್ಯರ ಬಾಯಿಂದ ಕಾಪಾಡಿದರೆ ಸಾಕು ಎಂದುಕೊಂಡು ಏಕಾಂತಪ್ಪ ಮೂರನೆಯ ಮಹಡಿ ಮುಟ್ಟಿದ.

ಬಾಗಿಲು ತೆರೆದಿತ್ತು. ಹಾಲಿನಲ್ಲಿದ್ದ ಸೋಫಾ ಗೋಡೆಗೆ ಒತ್ತಿಕೊಂಡಿತ್ತು. ನೆಲದ ತುಂಬ ಜಮಖಾನ. ಹೆಂಡತಿ ಜಯದೇವಿ ಸೆರಗು ಸಿಕ್ಕಿಸಿಕೊಂಡು ಹಾರ್ಮೋನಿಯಮ್ಮಿನ ಧೂಳು ಒರೆಸುತ್ತಿದ್ದಳು.

“ಇದೇನು?” ಎಂದ ಏಕಾಂತಪ್ಪ. ಬೆಳಗಿನಿಂದ ಬೇರೆಯವರು ಕೇಳಿದ್ದ ಪ್ರಶ್ನೆಯನ್ನು ಈಗ ತಾನೇ ಕೇಳಿದ್ದು ಅವನ ಗಮನಕ್ಕೆ ಬರಲಿಲ್ಲ.

“ಶ್ರಾವಣ ಸೋಮವಾರ್ರಿ. ಸಂಘದ ವಚನ ಗಾಯನ. ಈ ವಾರ ನಮ್ಮ ಮನಿ ಸರದಿ ಅಂತ ಹದಿನೈದು ದಿನದಿಂದ ಹೇಳಾಕತ್ತೀನಿ. ನೀವು ಹ್ಞೂಂ ಅಂದೀರಿ.”

“ಹ್ಞೂಂ ಅಂದಾಗ ನಾ ಕಂಪ್ಯೂಟರ್ ಮುಂದಿದ್ದಿರಬೇಕು. ಅದನ್ನ ಹ್ಞೂಂ ಅಂತ ಹಿಡಿಬಾರದು.” ಏಕಾಂತಪ್ಪ ಫ್ರೇಮು ಹಿಡಿದು ಒಂದು ಸುತ್ತು ತಿರುಗಿದ. “ಎಲ್ಲಿಡ್ಲಿ ಇದನ್ನ?”

“ಆ ಗಡಿಯಾರದ ಮೊಳಿಗೆ ಹಾಕ್ರಿ. ಗಡಿಯಾರ ರಿಪೇರಿಗೆ ಹೋಗೇತಿ. ಕೆಳಗಿಟ್ರ ಯಾರರ ಕಾಲಾಗ ಬರ್ತೈತಿ.”

ಮೂಡಣ ಗೋಡೆಯ ಮೊಳೆಗೆ ಫ್ರೇಮು ನೇತುಹಾಕಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಎದೆ ತುಂಬಿತು. ಮಳೆಮೋಡದ ಹಾಗೆ ಕಪ್ಪಿಟ್ಟ ನೀಲಿ. ಅದರ ಮೇಲೆ ಆ ತುದಿಯಿಂದ ಈ ತುದಿಗೆ ಮೂರು ಬಿಳಿ ಪಟ್ಟೆ. ಮೇಲಿನದು ಚಿಮಣಿಯ ಹೊಗೆ, ನಡುವಿನದು ಕಲ್ಲಿದ್ದಲು ಸುಟ್ಟ ಬೂದಿ ಹರಡಿದ ಬಯಲು, ಕೆಳಗಿನದು ಅಳಿವೆಯ ನೊರೆ. ನಟ್ಟನಡುವೆ ಒಂದು ಕೆಂಪು ಚುಕ್ಕೆ. ದೂರದ ಕೊಳವೆಯ ತುದಿಯಲ್ಲಿ ಉರಿಯುತ್ತಿದ್ದ ಬೆಂಕಿ. ಅದೆಲ್ಲ ಏಕಾಂತಪ್ಪನಿಗೆ ಗೊತ್ತು, ನೋಡುವವರಿಗೆ ಗೊತ್ತಾಗಬಾರದು. ನೋಡುವವರಿಗೆ ಕಾಣಬೇಕಾದದ್ದು ಬರಿಯ ಮೌನ.

ಆ ಮೌನವನ್ನು ಗೋಡೆಗೆ ಬಿಟ್ಟು ಅವನು ಸ್ನಾನಕ್ಕೆ ಹೋದ. ಸ್ನಾನ ಮುಗಿಸಿ, ಕೊರಳ ಲಿಂಗವನ್ನು ಅಂಗೈಗೆ ತೆಗೆದು ನಿತ್ಯದ ಪೂಜೆ ಮಾಡಿ, ಹಣೆಗೆ ಮೂರು ಬೆರಳಿನ ವಿಭೂತಿ ಎಳೆದುಕೊಳ್ಳುವಷ್ಟರಲ್ಲಿ ಹಾಲಿನಿಂದ ಗಂಟೆಯ ಸದ್ದು ಕೇಳಿಸಿತು. ಅವರ ಮನೆಯಲ್ಲಿ ಗಂಟೆಯೇ ಇರಲಿಲ್ಲ.

ಹೊರಗೆ ಬಂದು ನೋಡಿದರೆ ಮೊದಲನೆಯ ಮಹಡಿಯ ಬೋರಮ್ಮ. ಎಂಬತ್ತರ ಹತ್ತಿರದ ಮುದುಕಿ; ಗಂಟೆಯನ್ನು ತನ್ನ ಮನೆಯಿಂದಲೇ ತಂದಿದ್ದರು. ಚಿತ್ರದ ಕೆಳಗೆ ಸ್ಟೂಲು, ಸ್ಟೂಲಿನ ಮೇಲೆ ದೀಪ. ಫ್ರೇಮಿನ ನೆತ್ತಿಯ ಮೇಲೆ ಬಿಲ್ವಪತ್ರೆ. ಗಾಜಿನ ಮೇಲೆ, ಕೆಂಪು ಚುಕ್ಕೆ ಇದ್ದಲ್ಲಿಯೇ, ಇನ್ನೊಂದು ಕೆಂಪು ಚುಕ್ಕೆ.

“ಆಯಿ, ಏನ್ ಮಾಡಾಕತ್ತೀರಿ?”

“ಎಷ್ಟ್ ಚಂದ ತಂದೀಯೋ ಏಕಾಂತ,” ಎಂದರು ಬೋರಮ್ಮ, ಕಣ್ಣು ಚಿತ್ರದಿಂದ ಕೀಳದೆ. “ಮುಖ ಇಲ್ಲ, ಮೀಸಿ ಇಲ್ಲ, ಹಾವಿಲ್ಲ, ಹುಲಿ ಚರ್ಮ ಇಲ್ಲ. ಬರೇ ಹಣಿ. ಮೂರು ಪಟ್ಟಿ ವಿಭೂತಿ, ನಡುವ ಬೆಂಕಿಗಣ್ಣು. ಇಷ್ಟ ಸಾಕಲ್ಲಪಾ.”

“ಹಣಿ ಅಲ್ರಿ ಅದು. ಎಣ್ಣೂರು.”

“ಎಣ್ಣೂರಾಗೂ ಅದಾನ. ಎಲ್ಲಿಲ್ಲ?”

ಏಕಾಂತಪ್ಪ ಉಸಿರು ಎಳೆದುಕೊಂಡ. ವಯಸ್ಸಾದವರು, ಬಿಡಿಸಿ ಹೇಳಿದರೆ ತಿಳಿಯುತ್ತದೆ. “ಆಯಿ, ಕೇಳ್ರಿಲ್ಲೆ. ಇದಕ್ಕ ರೂಪ ಅನ್ನೂದಿಲ್ಲ.”

“ಇಲ್ಲಪಾ. ಅವಗೆಲ್ಲಿ ರೂಪ.”

“ಹೆಸರೂ ಇಲ್ಲ.”

“ಹೆಸರಿಗೆ ಸಿಗಾವನ ಅಲ್ಲ.”

“ಅರ್ಥನೂ ಇಲ್ರಿ. ಏನೂ ಇಲ್ಲ ಇದರಾಗ. ಖಾಲಿ. ಬರೇ ಬಯಲು.”

ಬೋರಮ್ಮನ ಕಣ್ಣಲ್ಲಿ ನೀರು ಬಂತು. ಅಡುಗೆಮನೆಯ ಕಡೆ ತಿರುಗಿ, “ಜಯಾ, ಇಷ್ಟ ವರ್ಷ ಇಂವ ವಾಲ್ವ್ ಮಾರ್ತಾನ ಅಂತ ತಿಳಿದಿದ್ನೆವ್ವ,” ಎಂದರು. “ನಿನ್ನ ಗಂಡ ಶರಣ ಅದಾನ.”

ಜಯದೇವಿ ಬಾಗಿಲಿಗೆ ಬಂದು ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. ಟವೆಲು ಹೆಗಲಲ್ಲಿತ್ತು, ಬನಿಯನ್ನು ಹಿಂದುಮುಂದಾಗಿತ್ತು. ಒಳಗೆ ಹೋಗಿ ನಕ್ಕಳು.

ಅಷ್ಟರಲ್ಲಿ ಸಂಘದ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಬಂದವರು ಚಪ್ಪಲಿ ಬಿಟ್ಟರು, ದೀಪ ಕಂಡರು, ಬಿಲ್ವ ಕಂಡರು, ಕೈ ಮುಗಿದರು. ಬೋರಮ್ಮ ಮುಗಿದಿದ್ದಾರೆಂದು ಮೊದಲನೆಯವಳು ಮುಗಿದಳು, ಮೊದಲನೆಯವಳು ಮುಗಿದಳೆಂದು ಉಳಿದವರು. ಏಕಾಂತಪ್ಪ ಅಂಗಿ ತೊಟ್ಟುಕೊಂಡು ಬಂದು ಬಾಗಿಲಲ್ಲಿ ನಿಂತು, ಟಿಕೆಟ್ ಕಲೆಕ್ಟರಿನ ಹಾಗೆ, ಒಬ್ಬೊಬ್ಬರಿಗೂ “ಅದು ದೇವರಲ್ರಿ, ಅದು ದೇವರಲ್ರಿ” ಎಂದು ಹೇಳತೊಡಗಿದ. ಅವರು ಅವನನ್ನು ಗೌರವದಿಂದ ನೋಡಿ ಒಳಗೆ ಹೋದರು. ಆ ಮಾತನ್ನು ಹೇಳುವವರು ದೊಡ್ಡವರೇ ಇರಬೇಕು.

“ಕೊರಳಾಗ ಲಿಂಗ ಇಟ್ಕೊಂಡು ಗೋಡಿಗೆ ಕೈ ಮುಗಿಯೂದು ಯಾವ ಪದ್ಧತ್ರಿ ಆಯಿ?” ಎಂದು ಕೊನೆಗೆ ಶಾಸ್ತ್ರಕ್ಕೇ ಕೈ ಹಾಕಿದ.

“ಕೊರಳಾಗಿಂದು ನನ್ನದು. ಗೋಡೀದು ಎಲ್ಲಾರದು,” ಎಂದರು ಬೋರಮ್ಮ. “ಕುಂದ್ರು ಸುಮ್ಮ.”

ಹಾರ್ಮೋನಿಯಂ ಶ್ರುತಿ ಹಿಡಿಯಿತು. ಹಾಡು ಶುರುವಾಯಿತು. ನಡುವೆ ಏಕಾಂತಪ್ಪ ಗೋಡೆ ಸವರಿಕೊಂಡು ಹೋಗಿ ಫ್ರೇಮಿನ ಅಂಚಿಗೆ ಕೈ ಇಟ್ಟ. ಬೋರಮ್ಮ ಹಾಡು ನಿಲ್ಲಿಸಲಿಲ್ಲ, ಹುಬ್ಬು ಮಾತ್ರ ಎತ್ತಿದರು. ಹೆಂಗಸರೆಲ್ಲರೂ ಹುಬ್ಬು ಎತ್ತಿದರು. ಅವನು ಫ್ರೇಮು ಸೊಟ್ಟಗಾಗಿತ್ತು ಎಂಬಂತೆ ನೆಟ್ಟಗೆ ಮಾಡಿ ಹಿಂದಕ್ಕೆ ಬಂದ. ಅದು ನೆಟ್ಟಗೇ ಇತ್ತು, ಈಗ ಸೊಟ್ಟಗಾಯಿತು.

ಹಾಡಿನ ಮಧ್ಯೆ ಪ್ರಭುದೇವರು ಬಂದರು. ತುಮಕೂರಿನ ಕಡೆಯವರು, ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು, ಸಂಘದ ಅಧ್ಯಕ್ಷರು. ವಾಸ ಎದುರಿನ ಬ್ಲಾಕಿನಲ್ಲಿ. ಮೈಕು ಇಲ್ಲದಾಗಲೂ ಮೈಕು ಇದೆಯೆಂಬಂತೆ ಗಂಟಲು ಸರಿಮಾಡಿಕೊಂಡು ಮಾತಾಡುವ ಅಭ್ಯಾಸ. ಚಿತ್ರದ ಮುಂದೆ ಬಹಳ ಹೊತ್ತು ನಿಂತರು.

“ಏಕಾಂತಪ್ಪನೋರೆ, ಸಂಘದ ಪ್ರಾರ್ಥನಾ ಮಂದಿರದ ಗೋಡೆ ಯಾಕೆ ಇವತ್ತಿನವರೆಗೆ ಖಾಲಿ ಇದೆ, ಗೊತ್ತೇನು? ಯಾರ ಚಿತ್ರ ಹಾಕಬೇಕು ಅನ್ನೋದರಲ್ಲಿ ಸಮಿತಿ ಮೂರು ಗುಂಪಾಗಿದೆ. ಇದರಲ್ಲಿ ಯಾರೂ ಇಲ್ಲ. ಆದ್ದರಿಂದ ಯಾರ ಆಕ್ಷೇಪಣೆಯೂ ಇರಲಾರದು.”

“ಇದು ಪ್ರದರ್ಶನಕ್ಕ ಹೋಗೂದೈತ್ರಿ. ಮೂರಕ್ಕ ವ್ಯಾನ್ ಬರ್ತೈತಿ.”

“ಪ್ರದರ್ಶನ ಅಂದರೇನು? ನಾಲ್ಕು ಜನ ನೋಡೋದು. ನಮ್ಮ ಮಂದಿರದಲ್ಲಿ ನಾನೂರು ಜನ ನೋಡ್ತಾರೆ. ಎರಡು ಗಂಟೆಗೆ ಆಟೋ ಹೇಳ್ತೀನಿ. ಹೆಣ್ಣುಮಕ್ಕಳು ಹಾಡಿಕೊಂಡು ಕರೆದೊಯ್ಯಲಿ.”

“ಕರದೊಯ್ಯಾಕ ಅದೇನ್ ಮದಿಮಗಳೇನ್ರಿ?”

“ನಿಮಗೆ ಬೇಕಾದರೆ ಇನ್ನೊಂದು ಪ್ರಿಂಟು ಹೊಡೆಸಿಕೊಳ್ಳಿ.”

ಏಕಾಂತಪ್ಪನೊಳಗಿನ ವಾಲ್ವು ಹಾರುವುದರಲ್ಲಿತ್ತು. ಆ ಕಾಗದ ಮುಂಬಯಿಯಿಂದ ಬರಬೇಕು, ವಾರ ಹಿಡಿಯುತ್ತದೆ, ಗ್ಯಾಲರಿಗೆ ಇವತ್ತೇ ಕೊನೆಯ ದಿನ ಎಂದು ಹೇಳಲು ಬಾಯಿ ತೆರೆದ. ಹಾಗೆ ಹೇಳುವ ಹೊತ್ತಿಗೆ ಪ್ರಭುದೇವರು ಫೋನಿನಲ್ಲಿ ಆಟೋದವನೊಡನೆ ತಮಿಳಿನಲ್ಲಿ ಚೌಕಾಸಿಗೆ ಇಳಿದಿದ್ದರು.

ಸರಿ, ಸಾಕ್ಷಿ ಬೇಕು. ಏಕಾಂತಪ್ಪ ತನ್ನ ಫೋನು ತೆಗೆದು ಮೂಲದ ಫೋಟೋ ಹುಡುಕಿದ. ಬೀಸಿ ಹೊಡೆಯುವ ಮೊದಲು ಅದೇ ಜಾಗದಲ್ಲಿ ನೆಟ್ಟಗೆ ಹೊಡೆದದ್ದು. ಚಿಮಣಿ, ಕೊಳವೆ, ಬೋಳು ಬಯಲು, ಬಯಲಲ್ಲೊಂದು ನಾಯಿ. “ನೋಡ್ರಿ, ಕಣ್ ಬಿಟ್ ನೋಡ್ರಿ. ಇದು ಹೊಗಿ. ಇದು ನೊರಿ. ಈ ನಡುವಿಂದೈತೆಲ್ಲ, ಇದು ಬೂದಿ. ಬರೇ ಬೂದಿ.”

ಫೋನು ಕೈಯಿಂದ ಕೈಗೆ ಹೋಗಿ ಬೋರಮ್ಮನಲ್ಲಿಗೆ ಬಂತು. ಅವರು ಕನ್ನಡಕ ಏರಿಸಿ ನೋಡಿದರು.

“ಬೂದಿ ಹೌದು,” ಎಂದರು. “ನಿನ್ನ ಹಣಿ ಮ್ಯಾಲ ಇರೂದೇನು ತಮ್ಮಾ, ಮೈದಾ ಹಿಟ್ಟೇನು?”

ಏಕಾಂತಪ್ಪನ ಕೈ ತಾನಾಗಿ ಹಣೆಗೆ ಹೋಯಿತು. ಬೆರಳಿಗೆ ವಿಭೂತಿ ಹತ್ತಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನಿಂದ ಒಬ್ಬಳು, ಮುಂದಿನ ಸೋಮವಾರ ಎಣ್ಣೂರಿಗೊಂದು ವ್ಯಾನು ಮಾಡಿದರೆ ಹೇಗೆ, ನಾಯಿಗೆ ಬಿಸ್ಕತ್ತು ಒಯ್ಯಬಹುದು, ಎಂದಳು.

ಅಷ್ಟರಲ್ಲಿ ಕೇಸರಿಬಾತಿನ ದೊಡ್ಡ ಡಬರಿಯೊಂದು ಬಾಗಿಲಲ್ಲಿ ಕಾಣಿಸಿತು. ಅದರ ಹಿಂದೆ ಚಂದು. ಕುಂದಾಪುರದ ಕಡೆಯವನು, ಬೀದಿಯ ಮೂಲೆಯ ಸಸ್ಯಾಹಾರಿ ಹೋಟೆಲಿನವನು. ಅವನ ಅಕ್ಕನ ಮಗಳು ನಿಶ್ಮಿತಾ ಆ ಗ್ಯಾಲರಿಯಲ್ಲಿ ಕೆಲಸಕ್ಕಿದ್ದಳು; ಏಕಾಂತಪ್ಪನ ಚಿತ್ರಗಳು ಅಲ್ಲಿಯವರೆಗೆ ತಲುಪಿದ್ದೇ ಅವನ ದೆಸೆಯಿಂದ. ಏಕಾಂತಪ್ಪ ಬಂಧುವನ್ನು ಕಂಡಂತೆ ಅವನ ಕೈ ಹಿಡಿದುಕೊಂಡ.

“ಚಂದು, ನೀನರ ಹೇಳೋ ಇವರಿಗೆ. ಇದು ದೇವರೇನು?”

ಚಂದು ಡಬರಿ ಇಳಿಸಿ, ಸೊಂಟಕ್ಕೆ ಕೈ ಕೊಟ್ಟು, ಕತ್ತು ಬಲಕ್ಕೆ ವಾಲಿಸಿ ನೋಡಿದ. ಇನ್ನೂ ವಾಲಿಸಿದ. ಕಿವಿ ಹೆಗಲಿಗೆ ತಗಲಿತು.

“ಹೀಗೆ ನೋಡಿದ್ರೆ ನಿಮ್ಮದು ಮಾರಾಯ್ರೆ,” ಎಂದ. “ತಿರುಗಿಸಿ ಉದ್ದಕ್ಕೆ ತೂಗಿದ್ರೆ ಸಾಕ್ಷಾತ್ ತಿರುಪತಿ. ಎರಡು ಬಿಳಿ, ನಡುವೆ ಕೆಂಪು, ನಾಮ ಸರಿಯಾಗಿ ಉಂಟು. ಒಂದು ಬಿಳಿ ಹೆಚ್ಚಾಯ್ತು, ಅದು ಅಡ್ಡಿಲ್ಲ. ನಿಮ್ಗೆ ಬೇಡಾದ್ರೆ ನನ್ನ ಕ್ಯಾಶ್ ಕೌಂಟರ್ ಹಿಂದೆ ಜಾಗ ಉಂಟು.”

“ತಿರುಗಿಸಿದ್ರ ಕೈ ಮುರಿತೀನಿ,” ಎಂದರು ಬೋರಮ್ಮ.

“ನಾನು ಎಂತ ಮಾಡಿದೆ ಅಮ್ಮ? ಅವ್ರು ಕೇಳಿದ್ರು, ಹೇಳಿದೆ.” ಚಂದು ಏಕಾಂತಪ್ಪನ ಕಿವಿಯ ಹತ್ತಿರ ಬಗ್ಗಿದ. “ನಿಶ್ಮಿತಾ ಹೊರಟಿದ್ದಾಳೆ ಆಯ್ತಾ. ರಾಯಪುರಂ ದಾಟಿ ಟ್ರಾಫಿಕ್ಕಲ್ಲಿ ಇದ್ದಾಳಂತೆ. ಚಿತ್ರ ಕೈಗೆ ಸಿಗದಿದ್ರೆ ನನ್ನ ಮರ್ಯಾದೆ ಪ್ರಶ್ನೆ.”

ಏಕಾಂತಪ್ಪನಿಗೆ ಆಗ ಬಂದ ಸಿಟ್ಟು ಒಬ್ಬರ ಮೇಲಿನದಲ್ಲ. ಕಣ್ಣಿದ್ದವರೆಲ್ಲರ ಮೇಲಿನದು. ಮೋಡದಲ್ಲಿ ಆನೆ ಹುಡುಕುವವರು, ಗೋಡೆಯ ತೇವದಲ್ಲಿ ಮುಖ ಹುಡುಕುವವರು, ದೋಸೆಯ ಕರಕಲಿನಲ್ಲಿ ಭೂಪಟ ಹುಡುಕುವವರು. ಎಳೆದೂ ಎಳೆದೂ ಲೋಕದಿಂದ ಲೋಕವನ್ನೇ ಕಳೆದು ಅವನೊಂದು ಖಾಲಿ ಜಾಗ ಮಾಡಿಕೊಟ್ಟರೆ, ಇವರು ಅದರೊಳಗೆ ಚಾಪೆ ಹಾಸಿ ದೀಪ ಹಚ್ಚಿ ಕೂತಿದ್ದರು.

“ಇರ್ರಿ,” ಎಂದು ಫೋನು ಹಿಡಿದು ಬಾಲ್ಕನಿಗೆ ನುಗ್ಗಿದ.

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಅವನು ಎದುರಿಗೆ ಏನಿದೆಯೆಂದು ಸಹ ಸರಿಯಾಗಿ ನೋಡಲಿಲ್ಲ. ಫೋನು ಎತ್ತಿದ, ಪೊರಕೆ ಆಡಿಸಿದ ಹಾಗೆ ಎಡದಿಂದ ಬಲಕ್ಕೆ ಬೀಸಿದ, ಹೊಡೆದ. ಅಲ್ಲೇ ನಿಂತು ಎರಡು ಬೆರಳಿನಿಂದ ಎಳೆದ, ಮತ್ತೆ ಎಳೆದ, ಬಣ್ಣ ಕಪ್ಪಗಾಗಿಸಿದ. ಒಂದು ಲೋಟ ಚಹಾ ಆರುವುದರೊಳಗೆ ಕೆಲಸ ಮುಗಿಯಿತು. ಒಳಗೆ ಬಂದು ಫೋನನ್ನು ಪ್ರಭುದೇವರ ಕೈಗೆ ಕೊಟ್ಟ.

ಕಪ್ಪು ನೀಲಿ. ಮೂರು ಬಿಳಿ ಪಟ್ಟೆ. ನಡುವೆ ಕೆಂಪು.

ಪ್ರಭುದೇವರು ಗಂಟಲು ಸರಿಮಾಡಿಕೊಳ್ಳುವುದನ್ನೂ ಮರೆತರು. ಎಡಗೈಯಲ್ಲಿ ಫೋನು ಹಿಡಿದು ಬಲಗೈಯನ್ನು ಎದೆಗಿಟ್ಟುಕೊಂಡರು. “ಇದು ಅದಕ್ಕಿಂತ ಮೇಲು,” ಎಂದರು. “ಇದರಲ್ಲಿ ಒಂದು ಕಳೆ ಇದೆ. ಏನೋ ಹತ್ತಿರದ್ದು, ನನ್ನದೇ ಅನ್ನಿಸುವಂಥದ್ದು.”

ಬೋರಮ್ಮ ಫೋನಿನ ಗಾಜು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಹೆಂಗಸರು ಸರದಿಯಲ್ಲಿ ಒತ್ತಿಕೊಂಡರು.

“ಎಲ್ಲಾರದೂ ಆತೇನ್ರಿ?” ಎಂದ ಏಕಾಂತಪ್ಪ. “ಬರ್ರಿ ಹಂಗಾರ. ದರ್ಶನ ಮಾಡಿಸ್ತೀನಿ. ಎಣ್ಣೂರಿಗೆ ವ್ಯಾನ್ ಬ್ಯಾಡ.”

ಬಾಲ್ಕನಿ ತುಂಬಿತು. ಎದುರಿನ ಬ್ಲಾಕಿನ ಎರಡನೆಯ ಮಹಡಿಯಲ್ಲಿ ಹಗ್ಗದ ಮೇಲೆ, ಒಂದರ ಕೆಳಗೊಂದು, ಮೂರು ಬಿಳಿ ಪಂಚೆ ಒಣಗುತ್ತಿದ್ದವು. ನಡುವಿನ ಹಗ್ಗದಲ್ಲಿ ಕ್ಲಿಪ್ಪು ಕಚ್ಚಿಕೊಂಡು ಕೆಂಪು ಬಣ್ಣದ ಒಂದು ಚಡ್ಡಿ ಗಾಳಿಗೆ ನಿಧಾನವಾಗಿ ಅಲುಗುತ್ತಿತ್ತು.

ಅದು ಯಾರ ಬಾಲ್ಕನಿಯೆಂದು ಯಾರೂ ಕೇಳಲಿಲ್ಲ. ಪ್ರಭುದೇವರ ಕಡೆ ಯಾರೂ ನೋಡಲಿಲ್ಲ. ಹಾಗೆ ನೋಡದಿರಲು ಎಲ್ಲರೂ ಪಡುತ್ತಿದ್ದ ಕಷ್ಟದಿಂದಲೇ ಯಾರದೆಂದು ಎಲ್ಲರಿಗೂ ತಿಳಿಯಿತು. ಚಂದುವಿನ ಗಂಟಲಿನಿಂದ ಹಾಲು ಉಕ್ಕುವ ಮುಂಚಿನ ಸದ್ದೊಂದು ಬಂತು.

“ನೋಡಿದಿರೇನ್ರಿ?” ಏಕಾಂತಪ್ಪ ಗೆದ್ದ ವಕೀಲನ ಹಾಗೆ ಕೈ ಚಾಚಿದ. “ಪಂಚೇನೂ ಆಕ್ಕೈತಿ, ಬೂದಿನೂ ಆಕ್ಕೈತಿ. ಎಳದ್ರ ಎಲ್ಲಾ ಹಿಂಗ ಆಗೂದು. ಅದರಾಗ ಏನೂ ಇಲ್ಲ ಅಂತ ಬೆಳಗಿಂದ ಬಾಯಿ ಬಡ್ಕೊಳಾಕತ್ತೀನಿ.”

ಪ್ರಭುದೇವರು ಫೋನನ್ನು ಹಿಂದಿರುಗಿಸಿದರು. ಬ್ಯಾಂಕಿನಲ್ಲಿ ಸಾಲದ ಅರ್ಜಿ ತಿರಸ್ಕರಿಸುವಾಗಿನ ಮುಖ. “ಜನರ ಭಕ್ತಿಯನ್ನು ಪಂಚೆಗೆ ಕಟ್ಟಿದಿರಿ ಏಕಾಂತಪ್ಪನೋರೆ. ಮುಂದಿನ ಶ್ರಾವಣದಿಂದ ನಿಮ್ಮ ಮನೆಗೆ ಸರದಿ ಇರೋದಿಲ್ಲ. ಸಮಿತಿಗೆ ನಾನೇ ಹೇಳ್ತೀನಿ.” ಆಟೋದವನಿಗೆ ಬರಬೇಡವೆಂದು ಫೋನು ಮಾಡುತ್ತಲೇ ಮೆಟ್ಟಿಲಿಳಿದರು, ಬಟ್ಟೆ ತೆಗೆಯುವ ಅವಸರವೂ ಇತ್ತು.

ಹೆಂಗಸರಲ್ಲಿ ಒಬ್ಬಳು ಜಯದೇವಿಗೆ, “ಇಷ್ಟೇನಾ ಅಕ್ಕ? ನಿಮಿಷದ ಕೆಲಸ? ಇದಕ್ಕೆ ಪ್ರದರ್ಶನ ಬೇರೆ ಮಾಡ್ತಾರಾ?” ಎಂದಳು. ಇನ್ನೊಬ್ಬಳು ತನ್ನ ಮಗಳ ಫೋನಿನಲ್ಲೂ ಹೀಗೆ ಆಗುತ್ತದೆ, ಕೈ ನಡುಗಿದಾಗ, ಎಂದಳು. ಏಕಾಂತಪ್ಪನ ಕಿವಿ ಬಿಸಿಯಾಯಿತು. ಈ ಬಾಣ ಬರುತ್ತದೆಂದು ಅವನು ಎಣಿಸಿರಲಿಲ್ಲ.

ಬೋರಮ್ಮ ಕೊನೆಗೆ ಉಳಿದರು. ದೀಪವನ್ನು ಹೂವಿನಿಂದ ಶಾಂತ ಮಾಡಿದರು. ಬಿಲ್ವಪತ್ರೆಯನ್ನು ಒಂದೊಂದಾಗಿ ತೆಗೆದು ಸೆರಗಿಗೆ ಹಾಕಿಕೊಂಡರು. ಗಂಟೆಯನ್ನು ಸದ್ದಾಗದ ಹಾಗೆ ನಾಲಿಗೆ ಹಿಡಿದು ಎತ್ತಿಕೊಂಡರು.

“ತಪ್ಪಾತಪಾ,” ಎಂದರು. “ನಂದ ಕಣ್ಣು, ವಯಸ್ಸಾಗೇತಿ. ನಿಂದು ನೀ ಒಯ್ಯಿ.”

ಬೈದಿದ್ದರೆ ಏಕಾಂತಪ್ಪನಿಗೆ ಹಗುರವಾಗುತ್ತಿತ್ತು. ಅವರು ಗೋಡೆ ಹಿಡಿದುಕೊಂಡು ಇಳಿದುಹೋದರು. ಚಂದು ಖಾಲಿ ಡಬರಿ ಒಯ್ಯಲು ಬಂದವನು ತುಂಬಿದ ಡಬರಿಯನ್ನೇ ನೋಡಿ, ಇಷ್ಟು ಕೇಸರಿಬಾತು ನೀವಿಬ್ಬರೇ ತಿನ್ನಬೇಕಲ್ಲ ಮಾರಾಯ್ರೆ ಎಂದು ಹೋದ.

ಜಯದೇವಿ ತಟ್ಟೆಗೆ ಹಾಕಿ ಕೊಟ್ಟಳು. “ಗೆದ್ರೆಲ್ರಿ,” ಎಂದಳು.

“ಗೆಲ್ಲೂದೇನ ಬಂತು. ಸತ್ಯ ಹೇಳಿದ್ನಿ.” ಕೇಸರಿಬಾತು ಆರಿ ತುಪ್ಪ ಬಿಳಿಗಟ್ಟಿತ್ತು. ಎರಡು ತುತ್ತಿಗೆ ತಟ್ಟೆ ಸರಿಸಿದ.

ನಿಶ್ಮಿತಾ ಮೂರು ದಾಟಿದ ಮೇಲೆ ಬಂದಳು. ಚೆನ್ನೈಯಲ್ಲೇ ಹುಟ್ಟಿ ಬೆಳೆದ ಹುಡುಗಿ; ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹಾಳೆಯ ಸುರುಳಿಯನ್ನು ಹೆಗಲ ಮೇಲೆ ಗದೆಯ ಹಾಗೆ ಹೊತ್ತಿದ್ದಳು.

“ಸಾರಿ ಸರ್, ಟ್ರಾಫಿಕ್. ಇದೇ ಅಲ್ವ ನಂಬರ್ ಸೆವೆನ್? ಚಂದು ಮಾಮ ಎಲ್ಲ ಹೇಳಿದ್ರು, ನಕ್ಕು ನಕ್ಕು ಸಾಕಾಯ್ತು.” ಸ್ಟೂಲು ಹತ್ತಿ ಫ್ರೇಮು ಇಳಿಸಿದಳು. “ಜ್ಯೂರಿಯವ್ರು ಎಂತ ಹೇಳಿದ್ರು ಗೊತ್ತುಂಟಾ ಸರ್? ಇದನ್ನು ನೋಡ್ತಾ ಹೋದ ಹಾಗೆ ಎಲ್ಲ ಖಾಲಿ ಆಗ್ತದೆ ಅಂತ.”

ಎಷ್ಟೋ ವರ್ಷದಿಂದ ಏಕಾಂತಪ್ಪ ಕಾದಿದ್ದ ಮಾತು. ಅವನು “ಹೌದಾ” ಎಂದ.

ಅವಳು ಬ್ಯಾಗಿನಿಂದ ಕಾಗದದ ಚೂರೊಂದನ್ನು ತೆಗೆದು ಗಾಜಿನ ಮೇಲಿನ ಕುಂಕುಮವನ್ನು ತಿಕ್ಕಿ ತೆಗೆದಳು. ಏಕಾಂತಪ್ಪನ ಹುಬ್ಬು ಯಾಕೋ ಗಂಟಿಕ್ಕಿತು. ಆಮೇಲೆ ಅವಳು ಹಾಳೆ ಬಿಡಿಸಲು ಎರಡೂ ಕೈ ಬೇಕೆಂದು, ಫ್ರೇಮನ್ನು ಬಾಗಿಲ ಪಕ್ಕದಲ್ಲಿ, ಚಪ್ಪಲಿ ಸ್ಟ್ಯಾಂಡಿಗೆ ಆನಿಸಿ ನೆಲಕ್ಕೆ ಇಟ್ಟಳು. ಏಕಾಂತಪ್ಪನದೇ ಎಡಗಾಲಿನ ಚಪ್ಪಲಿಯ ಮೂತಿ ಕೆಳಗಿನ ಬಿಳಿ ಪಟ್ಟೆಗೆ ತಗಲಿತು.

ಅವನು ಯಾವಾಗ ಎದ್ದನೋ, ಜಮಖಾನವನ್ನು ಹೇಗೆ ದಾಟಿದನೋ ಅವನಿಗೇ ತಿಳಿಯಲಿಲ್ಲ. ತಿಳಿಯುವ ಹೊತ್ತಿಗೆ ಫ್ರೇಮು ಅವನ ಎರಡೂ ಕೈಯಲ್ಲಿತ್ತು. ಅದರ ಅಂಚನ್ನು ಒಂದು ಕಣ್ಣಿಗೆ ಒತ್ತಿಕೊಂಡು ಮುಗಿದು, ಇನ್ನೊಂದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ.

“ಎಂತ ಆಯ್ತು ಸರ್?”

ಏಕಾಂತಪ್ಪ ಫ್ರೇಮನ್ನು ದೂರ ಹಿಡಿದು ನೋಡಿದ. ಮೇಲಿನದು ಹೊಗೆ, ನಡುವಿನದು ಬೂದಿ, ಕೆಳಗಿನದು ನೊರೆ ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಮಗ್ಗಿಯ ಹಾಗೆ ಮತ್ತೊಮ್ಮೆ ಹೇಳಿಕೊಂಡ. ಬಾಯಿ ಒಪ್ಪಿಸಿತು, ಕಣ್ಣು ಒಪ್ಪಲಿಲ್ಲ. ಎಣ್ಣೂರು ಎಲ್ಲೂ ಇರಲಿಲ್ಲ. ಚಿಮಣಿ ಇರಲಿಲ್ಲ, ನಾಯಿ ಇರಲಿಲ್ಲ. ದೊಡ್ಡದೊಂದು ಹಣೆ ಮಾತ್ರ, ನಡುವಿನ ಬೆಂಕಿಗಣ್ಣಿನಿಂದ, ಅವನನ್ನೇ ನೋಡುತ್ತಿತ್ತು.

“ಅಲ್ಲಿ ಇದನ್ನ ಎಲ್ಲಿ ಹಾಕ್ತೀರವ್ವ?” ಎಂದ.

“ಒಳ್ಳೆ ಜಾಗ ಸಿಕ್ಕಿದೆ ಸರ್. ಟಾಯ್ಲೆಟ್ಟಿಗೆ ಹೋಗುವ ಕಾರಿಡಾರ್. ಬಂದವ್ರು ಯಾವ ಚಿತ್ರ ನೋಡ್ಲಿ ಬಿಡ್ಲಿ, ಆ ಕಡೆ ಒಂದು ಸಲ ಹೋಗ್ಲೇಬೇಕಲ್ವ?”

ಜಯದೇವಿ ಅಡುಗೆಮನೆಯ ಬಾಗಿಲಿಗೆ ಬಂದಿದ್ದಳು. “ಕೊಟ್ ಬಿಡ್ರಿ,” ಎಂದಳು. “ಅದರಾಗ ಏನೂ ಇಲ್ಲ ಅಂತ ಊರ ಮಂದಿಗೆಲ್ಲ ಸಾರಿದವರು ನೀವ.”

ಅದು ನಿಜ. ಅದರಲ್ಲಿ ಏನೋ ಇದೆಯೆಂದು ನಂಬುವವರು ಈಗ ಆ ಕಟ್ಟಡದಲ್ಲಿ ಒಬ್ಬರೂ ಉಳಿದಿರಲಿಲ್ಲ. ಅವನೇ ಎಲ್ಲರನ್ನೂ ಬಾಲ್ಕನಿಗೆ ಕರೆದು ಆ ನಂಬಿಕೆ ಬಿಡಿಸಿದ್ದ.

“ಸರ್, ವ್ಯಾನ್ ಕಾಯ್ತಾ ಉಂಟು,” ಎಂದಳು ನಿಶ್ಮಿತಾ. “ನಿಮ್ಮ ಹೆಸ್ರು ಪ್ರಿಂಟ್ ಆಗಿಹೋಗಿದೆ. ಈ ಸಲ ತಪ್ಪಿದ್ರೆ ಅವ್ರು ಇನ್ನು ನಿಮ್ಮನ್ನು ಕರೆಯುವುದೇ ಇಲ್ಲ. ಕೊಡಿ ಸರ್, ಪ್ಲೀಸ್. ನಾನೇ ಜಾಗ್ರತೆ ತಗೊಂಡು ಹೋಗ್ತೇನೆ.”

ಅವಳು ಎರಡೂ ಕೈ ಚಾಚಿದಳು. ಏಕಾಂತಪ್ಪ ಫ್ರೇಮನ್ನು ತಿರುಗಿಸಿ, ಅದರ ಮುಖವನ್ನು ಎದೆಗೆ ಅವಚಿಕೊಂಡ.

“ಕೊಡಂಗಿಲ್ಲ,” ಎಂದ.